ಎಲೆಕ್ಟ್ರಿಕ್ ಕಾರು: ರಿವರ್ಸ್‌ನಲ್ಲಿ ಸದ್ದು ಬರುತ್ತೆ, ಮುಂದಕ್ಕೆ ಹೋಗುವಾಗ ಇಲ್ಲ

ಕಾಫಿಕಣ (ಚಿಕ್ಕಮಗಳೂರು):
ಕಾರು ತಗೊಂಡು ಹತ್ತು ತಿಂಗಳು. ನಿಧಾನಕ್ಕೆ ಓಡಿಸುವಾಗ ನಡೆಯೋರಿಗೆ ಕೇಳಲಿ ಅಂತ ಹೊರಗೆ ಬರುತ್ತಿದ್ದ ಗುಂಯ್ ಸದ್ದು ಮಳೆಗಾಲ ಮುಗಿದ ಮೇಲೆ ಮುಂದಕ್ಕೆ ಹೋಗುವಾಗ ಕೇಳ್ತಿಲ್ಲ. ರಿವರ್ಸ್ ಹಾಕಿದರೆ ಟಿಣ್ ಟಿಣ್ ಬರುತ್ತೆ, ಹಾಗಾಗಿ ಸ್ಪೀಕರ್ ಸರಿಯಿದೆ ಅಂದ್ಕೊಂಡಿದ್ದೀನಿ. ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಎಚ್ಚರಿಕೆ ದೀಪವೂ ಇಲ್ಲ. ಕಣದಲ್ಲಿ ಕಾಫಿ ಕೆದಕೋರು ದಾರಿಗೆ ಬೆನ್ನು ಹಾಕಿರ್ತಾರೆ, ಕಾರು ಪಕ್ಕಕ್ಕೆ ಬಂದರೂ ಗೊತ್ತಾಗಲ್ಲ. ಎಲ್ಲಿಂದ ನೋಡಬೇಕು? ಸರಿಹೋಗದಿದ್ದರೆ ಹೊರಗಡೆಯಿಂದ ಜೋರಾದ ಸ್ಪೀಕರ್ ಹಾಕಿಸಬಹುದಾ?

ಹಾಸನ_ವೈರಿಂಗ್:
ಸರ್, ಮೊದಲು ಆ ಟಿಣ್ ಟಿಣ್ ಲೆಕ್ಕದಿಂದ ತೆಗೀರಿ. ಅದು ಪಾರ್ಕಿಂಗ್ ಸೆನ್ಸರ್‌ನ ಬಜರ್, ಡ್ರೈವರ್‌ಗೋಸ್ಕರ ಕಾರಿನ ಒಳಗೆ ಕೂಗುತ್ತೆ. 2019ರ ಜುಲೈಯಿಂದ ಪೆಟ್ರೋಲ್ ಕಾರಲ್ಲೂ ಕಡ್ಡಾಯ. ಹೊರಗಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಹೊರಗಿನದನ್ನ ಕಂಪನಿಗಳು ಎವಿಎಎಸ್ ಅಂತಾವೆ, ಹ್ಯುಂಡೈನವರು ವೆಸ್ ಅಂತಾರೆ, ನಿಸ್ಸಾನ್‌ನವರು ವಿಎಸ್‌ಪಿ ಅಂತಾರೆ. ಮ್ಯಾನುಯಲ್‌ನಲ್ಲಿ ಆ ಹೆಸರು ಹುಡುಕಿ. ಆಫ್ ಮಾಡೋ ಸ್ವಿಚ್ಚೋ ಮೆನುವೋ ಇದ್ದರೆ ಅದು ಆಫ್ ಆಗಿದೆಯಾ ನೋಡಿ.

ಬೆಳಗಿನ ಜಾವ, ಹಲ್ಲರ್ (ಕಾಫಿ ಸಿಪ್ಪೆ ಸುಲಿಯೋ ಯಂತ್ರ) ಶುರುವಾಗೋ ಮುಂಚೆ, ಒಬ್ಬರನ್ನ ಹೊರಗೆ ನಿಲ್ಲಿಸಿ 5, 10, 15 ಕಿ.ಮೀ. ವೇಗದಲ್ಲಿ ದಾಟಿ ಹೋಗಿ. ನಿಂತ ಕಾರು ಸದ್ದು ಮಾಡದಿದ್ದರೆ ಅದೊಂದನ್ನೇ ದೋಷ ಅನ್ನಬೇಡಿ, ಚಕ್ರ ಉರುಳಿದ ಮೇಲೆ ಬಂದರೆ ಸಾಕು.

ಸ್ಪೀಕರ್ ಸಾಮಾನ್ಯವಾಗಿ ಮುಂದಿನ ಬಂಪರ್ ಹಿಂದೆ ಕೆಳಗಡೆ ಇರುತ್ತೆ. ನಿಮ್ಮ ಕಡೆ ಎಸ್ಟೇಟ್ ದಾರಿಯ ಕೆಮ್ಮಣ್ಣು ಅದರ ಜಾಲರಿಗೆ ಮೆತ್ತಿಕೊಂಡು ಒಣಗಿದರೆ ಗೋಡೆಗೆ ಗಾರೆ ಮಾಡಿದ ಹಾಗೆ. ಸದ್ದು ಒಳಗೇ ಗುಂಯ್ಗುಡುತ್ತೆ, ಆಚೆ ಬರಲ್ಲ. ಕರೆಂಟು ಸರಿಯಾಗಿ ಹೋಗ್ತಿರೋದರಿಂದ ಕಾರಿಗೆ ತೊಂದರೆ ಗೊತ್ತಾಗಲ್ಲ, ದೀಪವೂ ಹತ್ತಲ್ಲ. ಮಗ್ಗಿನಲ್ಲಿ ನೀರು ಹಾಕಿ ನೆನೆಸಿ, ಹತ್ತು ನಿಮಿಷ ಬಿಟ್ಟು ಮೆತ್ತನೆ ಬ್ರಷ್‌ನಲ್ಲಿ ತೊಳೀರಿ. ಕಡ್ಡಿ ಚುಚ್ಚಬೇಡಿ, ಒಳಗಿನ ಪೊರೆ ಹರಿಯುತ್ತೆ. ಪ್ರೆಶರ್ ವಾಷರ್ ನಳಿಕೆ ಹತ್ತಿರ ಹಿಡಿಯೋದೂ ಬೇಡ.

ತೊಳೆದ ಮೇಲೂ ಸದ್ದಿಲ್ಲ ಅಂದರೆ ಫ್ಯೂಸು, ಆಮೇಲೆ ಕನೆಕ್ಟರ್. ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದರೆ ನೀರು ಇಳಿದಿದೆ ಅಂತಲೇ ಅರ್ಥ. ಬಂಪರ್ ಬಿಚ್ಚಿ ಪೇಂಟ್ ಮಾಡಿಸಿದ್ದರೆ ಕನೆಕ್ಟರ್ ಹಾಕೋದನ್ನ ಮರೆತಿರಬಹುದು, ಇದು ಆಗಾಗ ಆಗೋ ಎಡವಟ್ಟು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 8 ಓಮ್ ಸ್ಪೀಕರ್ 6ರಿಂದ 7.5 ತೋರಿಸಬೇಕು, 4 ಓಮ್‌ನದು 3ರ ಮೇಲೆ. ಓಪನ್ ತೋರಿಸಿದರೆ, ಅಂದರೆ ಕರೆಂಟು ಹರಿಯೋ ದಾರಿಯೇ ಇಲ್ಲ ಅಂದರೆ, ಕಾಯಿಲ್ ಹೋಗಿದೆ. ಆದರೆ ಎರಡೇ ವೈರ್ ಇರೋ ಬರೀ ಸ್ಪೀಕರ್‌ಗೆ ಮಾತ್ರ ಈ ಲೆಕ್ಕ. ಆಂಪ್ಲಿಫೈಯರ್ ಒಳಗೇ ಸೇರಿರೋ ಯೂನಿಟ್ ಆದರೆ ಓಮ್ ಅಳೆದು ಉಪಯೋಗವಿಲ್ಲ, ಸರ್ವಿಸ್‌ನವರ ಸ್ಕ್ಯಾನರ್‌ನಿಂದ ಆಕ್ಟಿವ್ ಟೆಸ್ಟ್ (ಸ್ಕ್ಯಾನರ್‌ನಿಂದಲೇ ಸದ್ದು ಹೊರಡಿಸಿ ನೋಡೋದು) ಮಾಡಿಸಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ, ಅದು ಹೈ ವೋಲ್ಟೇಜ್. ವಾರಂಟಿ ಇರೋದರಿಂದ ತೊಳೆಯೋದು ಬಿಟ್ಟು ಬೇರೇನೂ ನೀವೇ ಬಿಚ್ಚದಿದ್ದರೆ ಒಳ್ಳೇದು.

ಡೆಸಿಬೆಲ್:
ಜೋರಾದ ಸ್ಪೀಕರ್ ಬೇಡ. ಈ ಸದ್ದಿನ ಕೆಲಸ ಜೋರಾಗಿರೋದಲ್ಲ, ಎಲ್ಲಿಂದ ಬರ್ತಿದೆ, ವೇಗ ಏರ್ತಿದೆಯಾ ಇಳೀತಿದೆಯಾ ಅಂತ ಹೇಳೋದು.

ವಿಶ್ವಸಂಸ್ಥೆಯ 138ನೇ ನಿಯಮದ ಪ್ರಕಾರ ಕಾರಿನ ಮಧ್ಯರೇಖೆಯಿಂದ 2 ಮೀಟರ್ ದೂರ, 1.2 ಮೀಟರ್ ಎತ್ತರದಲ್ಲಿ ಮೈಕ್ ಇಟ್ಟು ಅಳೆದರೆ 10 ಕಿ.ಮೀ. ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20ರಲ್ಲಿ 56, ರಿವರ್ಸ್‌ನಲ್ಲಿ 47 ಇರಬೇಕು. 75 ದಾಟಬಾರದು. 20ರ ಆಚೆಗೆ ಕಡ್ಡಾಯವಿಲ್ಲ, ಅಲ್ಲಿಂದ ಟೈರಿನ ಸದ್ದೇ ಮೇಲಾಗುತ್ತೆ ಅನ್ನೋ ಲೆಕ್ಕ. ಅಮೆರಿಕದಲ್ಲಿ ಇದು 30ರವರೆಗೆ, ಗೇರ್‌ನಲ್ಲಿ ನಿಂತಿದ್ದರೂ ಸದ್ದು ಬೇಕು. ಸದ್ದು ವೇಗಕ್ಕೆ ಕಟ್ಟಿದ್ದು, ಮೋಟಾರಿಗಲ್ಲ. ಹಾಗಾಗಿ ಮುಳ್ಳಯ್ಯನಗಿರಿ ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ 15ರಲ್ಲಿ ಇಳಿದರೂ ಬರಲೇಬೇಕು.

ಶ್ರುತಿಯೂ ವೇಗದ ಜೊತೆ ಏರಬೇಕು: 5ರಿಂದ 20ರೊಳಗೆ ಪ್ರತಿ ಕಿ.ಮೀ.ಗೆ ಸರಾಸರಿ ಕನಿಷ್ಠ ಶೇ. 0.8. ಒಟ್ಟು ಶೇ. 12 ಆಯ್ತು. ಸಂಗೀತ ಗೊತ್ತಿರೋರಿಗೆ ಹೇಳೋದಾದರೆ ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಹೋದಷ್ಟು. ನೋಡದೇನೇ 'ಕಾರು ವೇಗ ಹೆಚ್ಚಿಸ್ತಿದೆ' ಅಂತ ಗೊತ್ತಾಗೋದು ಇದರಿಂದ. ಅಂಗಡಿ ಸ್ಪೀಕರ್ ಒಂದೇ ರಾಗ ಎಳೆಯುತ್ತೆ.

ದೂರ ದುಪ್ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತೆ. 2 ಮೀಟರಿನಲ್ಲಿ 50 ಇದ್ದದ್ದು 8 ಮೀಟರಿಗೆ 38. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ 2.8 ಮೀಟರ್, ಆ 8 ಮೀಟರ್ ಮೂರು ಸೆಕೆಂಡಿನ ದಾರಿ. ಹಲ್ಲರ್ ಓಡ್ತಿದ್ದರೆ, ಇಲ್ಲಾ ಕಟ್ಟಿನಕೆರೆ ಮಾರ್ಕೆಟ್ಟಿನ ಸಂಜೆ ಗದ್ದಲದಲ್ಲಿ, ಈ ಸದ್ದು ಮುಳುಗೇ ಹೋಗುತ್ತೆ. ಸರಿಯಾಗಿ ಕೆಲಸ ಮಾಡೋ ಯೂನಿಟ್ಟಿನ ಮಿತಿಯೂ ಇಷ್ಟೇ.

ಬಿಳಿಕೋಲು:
ಕಣ್ಣು ಕಾಣದವರಿಗೆ ಓಡಾಟ ಹೇಳಿಕೊಡುವವರ ಕಡೆಯಿಂದ ಎರಡು ಮಾತು. ಒಂದೇ ಸ್ವರದ ಬೀಪ್ ದಿಕ್ಕು ಹೇಳಲ್ಲ, ಗೋಡೆಗೆ ಬಡಿದು ಎಲ್ಲ ಕಡೆಯಿಂದ ಬಂದಂತೆ ಕೇಳುತ್ತೆ. ಸೊಯ್ ಅನ್ನೋ ಅಗಲವಾದ ಸದ್ದಿನ ದಿಕ್ಕು ಕಿವಿಗೆ ಬೇಗ ಸಿಗುತ್ತೆ. ವಯಸ್ಸಾದವರಿಗೆ ಮೊದಲು ಮಂಕಾಗೋದು ತಾರಕದ ಸದ್ದು, ಅದಕ್ಕೇ ಆ 138ನೇ ನಿಯಮದಲ್ಲಿ ಕನಿಷ್ಠ ಎರಡು ಆವರ್ತನ ಪಟ್ಟಿಗಳಲ್ಲಿ ಸದ್ದು ಕೇಳಿದ್ದಾರೆ, ಒಂದಾದರೂ 1,600 ಹರ್ಟ್ಸ್ ಪಟ್ಟಿಯಲ್ಲೋ ಅದರ ಕೆಳಗೋ ಇರಬೇಕು. ಆಷಾಢದ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡವರ ಕಿವಿ ಮೇಲೇ ಹನಿ ತಟಪಟ ಅಂತಿರುತ್ತೆ. ಅವರಿಗೆ ಯಾವ ಸದ್ದೂ ಕೇಳಿಸಲ್ಲ ಅಂದುಕೊಂಡೇ ಓಡಿಸಿ.

ಕಾಫಿಕಣ:
ತೊಳೆದೆ, ಅರ್ಧ ಬೊಗಸೆ ಮಣ್ಣು ಬಂತು. ಈಗ ಸದ್ದು ಇದೆ, ಸ್ವಲ್ಪ ಒಡಕು ದನಿ. ಇನ್ನೊಂದು: ನಮ್ಮಲ್ಲಿ ಎಲೆಕ್ಟ್ರಿಕ್ ಗೂಡ್ಸ್ ಆಟೋ ಇದೆ, ಅದರಲ್ಲಿ ಈ ಸದ್ದೇ ಇಲ್ಲ. ಕಾನೂನು ಏನು?

ಡೆಸಿಬೆಲ್:
ಭಾರತದ ಮಾನದಂಡ ಎಐಎಸ್-173. ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕರಡಿನಲ್ಲಿ ಹೊಸ ಮಾಡೆಲ್‌ಗಳಿಗೆ 2026ರ ಅಕ್ಟೋಬರ್ 1, ಈಗಿರೋ ಮಾಡೆಲ್‌ಗಳಿಗೆ 2027ರ ಅಕ್ಟೋಬರ್ 1 ಅಂತಿತ್ತು. ಅದು ಎಂ ಮತ್ತು ಎನ್ ವರ್ಗಕ್ಕೆ, ಅಂದರೆ ಕಾರು, ಬಸ್ಸು, ನಾಲ್ಕು ಚಕ್ರದ ಗೂಡ್ಸ್ ಗಾಡಿ. ಮೂರು ಚಕ್ರದ್ದು ಎಲ್ ವರ್ಗ, ಸ್ಕೂಟರ್ ಕೂಡ ಅದೇ, ಎರಡೂ ಆ ಕರಡಿನಲ್ಲಿಲ್ಲ. ಕಣದಲ್ಲಿ ಮೈಗೆ ತಾಗುವಷ್ಟು ಹತ್ತಿರ ಓಡಾಡೋದು ಇವೇ, ಇವನ್ನೇ ಬಿಟ್ಟಿದ್ದಾರೆ.

ಹಾಸನ_ವೈರಿಂಗ್:
ಒಡಕು ದನಿ ಅಂದರೆ ಪೊರೆ ಒದ್ದೆ ಇದೆ, ಇಲ್ಲಾ ಹರಿದಿದೆ. ಎರಡು ದಿನ ಒಣಗಲಿ. ಹಾಗೇ ಉಳಿದರೆ ವಾರಂಟಿಯಲ್ಲಿ ಬದಲಾಯಿಸಿ ಅಂತ ಕೇಳಿ, 10 ಕಿ.ಮೀ. ವೇಗದಲ್ಲಿ ಹೊರಗಿನಿಂದ ರೆಕಾರ್ಡ್ ಮಾಡಿ ತೋರಿಸಿ.

ಆಟೋಗೆ ಬಹುಸ್ವರದ ಹಾರ್ನ್ ಮಾತ್ರ ಹಾಕಿಸಬೇಡಿ, ಮೋಟಾರು ವಾಹನ ನಿಯಮ 119ರಲ್ಲಿ ನಿಷೇಧ. ಕಣದೊಳಗೆ 5 ಕಿ.ಮೀ. ಮೀರಬೇಡಿ, ಹಿಂದೆ ತೆಗೆಯುವಾಗ ಒಬ್ಬರು ಕೆಳಗೆ ನಿಂತು ಕೂಗಲಿ.