ಕಡಿಮೆ ಬೆಲೆಯ ಎಂಪಿ3 ಪ್ಲೇಯರ್: ಹಾಡುಗಳ ಕ್ರಮ ತಪ್ಪುತ್ತಿದೆ, ಕೆಲವು ಕಾಣಿಸುವುದೇ ಇಲ್ಲ

ಪ್ರಶ್ನೆ: ಸಂಜೆರಾಗ

ಎಲ್ಲರಿಗೂ ನಮಸ್ಕಾರ. ಹಾಡು ಕೇಳುವುದಕ್ಕೆಂದೇ ಕಡಿಮೆ ಬೆಲೆಯ ಒಂದು ಚಿಕ್ಕ ಎಂಪಿ3 ಪ್ಲೇಯರ್ ಕೊಂಡಿದ್ದೇನೆ. ಫೋನಿನಲ್ಲಿ ಹಾಡು ಹಾಕಿಕೊಂಡು ಕುಳಿತರೆ ಕರೆ, ಸಂದೇಶಗಳು ಒಂದರ ಹಿಂದೆ ಒಂದು ಬಂದು ಕೇಳುವ ಮನಸ್ಸೇ ಹೊರಟುಹೋಗುತ್ತದೆ. ಅದೂ ಅಲ್ಲದೆ ಸಂಜೆಯ ಹೊತ್ತಿಗೆ ಫೋನಿನ ಚಾರ್ಜ್ ಉಳಿಸಿಕೊಳ್ಳುವುದೇ ಒಂದು ಚಿಂತೆ. ಈ ಪ್ಲೇಯರ್‌ನಲ್ಲಿ ಒಳಗೇ 8 ಜಿಬಿ ಮೆಮೊರಿ ಇದೆ, ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವ ಜಾಗವಿದೆ, ಮಾಮೂಲಿ ಇಯರ್‌ಫೋನ್ ಜ್ಯಾಕ್ ಇದೆ. ಕೇಳಿಸುವ ಧ್ವನಿಯ ಬಗ್ಗೆ ನನಗೆ ದೂರಿಲ್ಲ. ತೊಂದರೆ ಇರುವುದು ಬೇರೆ ಕಡೆ.

ಸಂಗೀತ ಕಛೇರಿಯ ಧ್ವನಿಮುದ್ರಣವೊಂದನ್ನು ಫೋಲ್ಡರಿನಲ್ಲಿ ಹಾಕಿದ್ದೇನೆ. ಕಂಪ್ಯೂಟರಿನಲ್ಲಿ ತೆರೆದರೆ ಹಾಡುಗಳು ಒಂದರಿಂದ ಹನ್ನೆರಡರವರೆಗೆ ಸರಿಯಾಗಿಯೇ ಸಾಲಾಗಿ ಕಾಣುತ್ತವೆ. ಪ್ಲೇಯರ್‌ನಲ್ಲಿ ಮಾತ್ರ ಏಳನೆಯದು ಮೊದಲು ಬರುತ್ತದೆ, ಮಂಗಳ ನಡುವೆಯೇ ಮುಗಿದುಹೋಗುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಹಾಡುಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಫೋನಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ 64 ಜಿಬಿ ಕಾರ್ಡನ್ನು ಇದಕ್ಕೆ ಹಾಕಿದರೆ ಕಾರ್ಡೇ ಇಲ್ಲವೆಂದು ಹೇಳುತ್ತದೆ. ಇನ್ನು, ಹಣ ಕಟ್ಟಿ ಕೇಳುವ ಒಂದು ಆ್ಯಪಿನಲ್ಲಿ ಇಳಿಸಿಕೊಂಡಿದ್ದ ಹಾಡುಗಳನ್ನು ಹೇಗೋ ಹುಡುಕಿ ನಕಲು ಮಾಡಿ ಹಾಕಿದರೆ, ಅವು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಇವೆಲ್ಲ ಸಾಧನದ ದೋಷಗಳೇ, ಅಥವಾ ಬಳಸುವ ಕ್ರಮದಲ್ಲಿ ಏನಾದರೂ ತಿದ್ದಿಕೊಳ್ಳಬೇಕೇ? ಹಿಂದಿರುಗಿಸುವುದಕ್ಕೆ ಇನ್ನೂ ಅವಧಿ ಇರುವುದರಿಂದ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಿವಿಮಾತು

ನೀವು ಹೇಳಿದ ನಾಲ್ಕರಲ್ಲಿ ಒಂದೂ ಕೆಟ್ಟ ಸಾಧನದ ಲಕ್ಷಣವಲ್ಲ. ಫೋನು ನಮಗೆ ಗೊತ್ತಾಗದಂತೆ ಮಾಡಿಕೊಡುವ ಹತ್ತಾರು ಕೆಲಸಗಳನ್ನು ಈ ಬಗೆಯ ಪ್ಲೇಯರ್ ಮಾಡುವುದಿಲ್ಲ; ಬರೆದಿಟ್ಟದ್ದನ್ನು ಬರೆದಿಟ್ಟ ಹಾಗೆಯೇ ಓದುತ್ತದೆ, ಅಷ್ಟೇ. ಹಾಗಾಗಿ ಅಚ್ಚುಕಟ್ಟು ಮಾಡುವ ಕೆಲಸವೆಲ್ಲ ಕಂಪ್ಯೂಟರಿನಲ್ಲಿಯೇ ಮುಗಿಯಬೇಕು.

ಕ್ರಮದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಬೇಸತ್ತು ಪ್ಲೇಯರನ್ನು ಮೂಲೆಗೆ ಎಸೆಯುವುದು ಇದೊಂದು ಕಾರಣಕ್ಕೆ. ಪ್ಲೇಯರ್‌ನ ಮೆಮೊರಿ ಸಾಮಾನ್ಯವಾಗಿ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿರುತ್ತದೆ. ಅದರಲ್ಲಿ ಪ್ರತಿಯೊಂದು ಫೋಲ್ಡರಿಗೂ ಒಂದು ಪಟ್ಟಿ ಇದ್ದು, ಯಾವ ಫೈಲು ಮೊದಲು ಬಂತೋ ಅದರ ಹೆಸರು ಮೊದಲು, ಆಮೇಲೆ ಬಂದದ್ದರ ಹೆಸರು ಅದರ ಕೆಳಗೆ, ಹೀಗೆ ಬಂದ ಸರದಿಯಲ್ಲೇ ದಾಖಲಾಗುತ್ತಾ ಹೋಗುತ್ತದೆ. ಕಂಪ್ಯೂಟರು ಆ ಪಟ್ಟಿಯನ್ನು ಪರದೆಯ ಮೇಲೆ ತೋರಿಸುವಾಗ ತಾನೇ ಅಕ್ಷರಾನುಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆಯೇ ಹೊರತು ಒಳಗಿನ ಸರದಿಯನ್ನು ಮುಟ್ಟುವುದಿಲ್ಲ. ಸರಳವಾದ ಪ್ಲೇಯರ್ ಆ ಒಳಗಿನ ಸರದಿಯನ್ನೇ ನುಡಿಸುತ್ತದೆ. ನೀವು ಹನ್ನೆರಡು ಹಾಡುಗಳನ್ನು ಒಟ್ಟಿಗೆ ಆಯ್ದು ಎಳೆದು ಹಾಕಿದಾಗ, ಮೌಸ್ ಹಿಡಿದದ್ದು ಏಳನೆಯ ಹಾಡಿನ ಮೇಲಾಗಿದ್ದರೆ ಏಳನೆಯದೇ ಮೊದಲು ನಕಲಾಗಿರುವ ಸಾಧ್ಯತೆ ಇದೆ. ಇದಕ್ಕೆ ಪರಿಹಾರವೆಂದರೆ, ಹಾಡುಗಳಿಗೆ 01, 02 ಎಂದು ಎರಡಂಕಿಯ ಸಂಖ್ಯೆಯಿಂದ ಆರಂಭವಾಗುವ ಹೆಸರಿಟ್ಟು, ಹೆಸರಿನ ಕ್ರಮದಲ್ಲಿ ಜೋಡಿಸಿಕೊಂಡು, ಮೊದಲನೆಯ ಹಾಡನ್ನೇ ಹಿಡಿದು ಎಳೆಯುವುದು. ಒಂದಂಕಿ ಇಟ್ಟರೆ ಸಾಲದು. ಹೆಸರಿನ ಪ್ರಕಾರ ಜೋಡಿಸುವ ಕೆಲವು ಪ್ಲೇಯರ್‌ಗಳು 1 ಆದ ಮೇಲೆ 10, 11, 12 ನುಡಿಸಿ ಆಮೇಲೆ 2ಕ್ಕೆ ಬರುತ್ತವೆ. ಹಳೆಯ ಫೋಲ್ಡರಿನಲ್ಲೇ ಫೈಲುಗಳನ್ನು ಅಳಿಸಿ ಹೊಸದನ್ನು ಹಾಕಬೇಡಿ, ಅಳಿಸಿದವುಗಳ ಖಾಲಿ ಜಾಗದಲ್ಲಿ ಹೊಸ ಹೆಸರುಗಳು ಹೋಗಿ ಕೂತು ಮತ್ತೆ ಸರದಿ ಕೆಡುತ್ತದೆ. ಫೋಲ್ಡರನ್ನೇ ಅಳಿಸಿ ಹೊಸದನ್ನು ಮಾಡಿಕೊಳ್ಳಿ. ಇಷ್ಟೆಲ್ಲ ಬೇಡವೆನ್ನುವವರಿಗೆ ಫ್ಯಾಟ್‌ಸಾರ್ಟ್ ಎಂಬ ಉಚಿತ ತಂತ್ರಾಂಶವಿದೆ. ಅದು ಆ ಒಳಪಟ್ಟಿಯನ್ನೇ ತಿದ್ದಿ ಜೋಡಿಸುತ್ತದೆ.

ಇದು ಫೋಲ್ಡರ್ ಮೂಲಕ ಹೋಗಿ ಕೇಳುವವರ ಮಾತಾಯಿತು. ಕಲಾವಿದರು, ಆಲ್ಬಂ ಎಂಬ ವಿಭಾಗಗಳಿರುವ ಮೆನುವಿನಿಂದ ಹೋದರೆ ಪ್ಲೇಯರ್ ನೋಡುವುದು ಫೈಲಿನ ಹೆಸರನ್ನಲ್ಲ, ಫೈಲಿನ ಒಳಗೆ ಅಡಗಿರುವ ಐಡಿ3 ಟ್ಯಾಗನ್ನು, ಅಂದರೆ ಹಾಡಿನ ವಿವರಗಳ ಚೀಟಿಯನ್ನು. ಅಲ್ಲಿ ಹಾಡಿನ ಕ್ರಮಸಂಖ್ಯೆ ತುಂಬಿಲ್ಲದಿದ್ದರೆ ಶೀರ್ಷಿಕೆಯ ಅಕ್ಷರಾನುಕ್ರಮದಲ್ಲಿ ನುಡಿಸಿಬಿಡುತ್ತದೆ.

ಕನ್ನಡದ ಚೌಕಗಳ ಮೂಲವೂ ಅರ್ಧ ಅಲ್ಲಿಯೇ ಇದೆ. ಐಡಿ3ಯ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ ಇದ್ದದ್ದು 30 ಬೈಟುಗಳ ಜಾಗ ಮಾತ್ರ, ಅದೂ ರೋಮನ್ ಲಿಪಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಎರಡನೆಯ ಆವೃತ್ತಿಯಲ್ಲಿ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯೂನಿಕೋಡ್ ಬಂತು, ಅದರಲ್ಲಿಯೂ 2.4ಕ್ಕಿಂತ 2.3ನ್ನು ಓದಬಲ್ಲ ಪ್ಲೇಯರ್‌ಗಳೇ ಹೆಚ್ಚು. ಆದರೆ ಟ್ಯಾಗನ್ನು ಎಷ್ಟು ಶುದ್ಧವಾಗಿ ಬರೆದರೂ ಸಾಧನದೊಳಗೆ ಕನ್ನಡದ ಫಾಂಟ್ ಇರಬೇಕು, ಇದ್ದರೂ ಒತ್ತಕ್ಷರ, ಗುಣಿತಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ತಂತ್ರಾಂಶ ಇರಬೇಕು. ಈ ದರ್ಜೆಯ ಸಾಧನದಲ್ಲಿ ಅದನ್ನು ನಿರೀಕ್ಷಿಸುವುದು ವ್ಯರ್ಥ. ಮನಸ್ಸಿಗೆ ಒಪ್ಪದಿದ್ದರೂ, ಪ್ಲೇಯರ್‌ಗೆ ಹಾಕುವ ಪ್ರತಿಗೆ ಮಾತ್ರ ರೋಮನ್ ಲಿಪಿಯಲ್ಲಿ ಹೆಸರು ಕೊಟ್ಟು, ಕನ್ನಡದ ಮೂಲಪ್ರತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದೇ ದಾರಿ.

ಆ್ಯಪಿನಿಂದ ಇಳಿಸಿಕೊಂಡ ಹಾಡುಗಳನ್ನು ಮರೆತುಬಿಡಿ. ಅವು ಗೂಢಲಿಪೀಕರಣಗೊಂಡ ಫೈಲುಗಳು, ಆ ಆ್ಯಪನ್ನು ಬಿಟ್ಟು ಬೇರೆಲ್ಲೂ ತೆರೆಯದಂತೆ ಬೀಗ ಹಾಕಿರುತ್ತಾರೆ. ಸಿ.ಡಿ.ಯಿಂದ ತೆಗೆದ ಹಾಡುಗಳು, ಎಂಪಿ3 ಅಥವಾ ಫ್ಲ್ಯಾಕ್ ರೂಪದಲ್ಲಿ ಫೈಲಾಗಿಯೇ ಕೊಂಡುಕೊಂಡವು, ನೀವೇ ಮುದ್ರಿಸಿಕೊಂಡವು, ಇವಷ್ಟೇ ಈ ಪ್ಲೇಯರ್‌ಗೆ ಆಹಾರ.

ಉತ್ತರ: ಬೆಸುಗೆಕಡ್ಡಿ

ಕಾರ್ಡಿನ ವಿಷಯವನ್ನು ಮೇಲಿನವರು ಬಿಟ್ಟಿದ್ದಾರೆ, ನಾನು ಹೇಳುತ್ತೇನೆ. 4ರಿಂದ 32 ಜಿಬಿವರೆಗಿನ ಕಾರ್ಡುಗಳು ಎಸ್‌ಡಿಎಚ್‌ಸಿ ಎಂಬ ವರ್ಗಕ್ಕೆ ಸೇರಿದವು, ಅವು ಫ್ಯಾಟ್32ರಲ್ಲಿ ಬರುತ್ತವೆ. 32ಕ್ಕಿಂತ ಮೇಲಿನವು ಎಸ್‌ಡಿಎಕ್ಸ್‌ಸಿ, ಅವು ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಬರುತ್ತವೆ. ನಿಮ್ಮ ಪ್ಲೇಯರ್‌ಗೆ ಎಕ್ಸ್‌ಫ್ಯಾಟ್ ಓದಲು ಬಾರದಿದ್ದರೆ, ಕಾರ್ಡು ಎಷ್ಟೇ ಚೆನ್ನಾಗಿದ್ದರೂ ಅದರ ಪಾಲಿಗೆ ಅದು ಇಲ್ಲದಂತೆಯೇ. 64 ಜಿಬಿ ಕಾರ್ಡನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ಹಾಕಿದರೆ ಅನೇಕ ಸಾಧನಗಳು ಒಪ್ಪಿಕೊಳ್ಳುತ್ತವೆ, ಆದರೆ ಒಪ್ಪಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ಮೇಲಿನ ಕಾರ್ಡಿಗೆ ಫ್ಯಾಟ್32 ಆಯ್ಕೆ ಬಹುಕಾಲ ಇರಲಿಲ್ಲ. ಕಾಣದಿದ್ದರೆ ಗಾಬರಿಯಾಗದೆ ಬೇರೆ ತಂತ್ರಾಂಶ ಬಳಸಿ. ಫಾರ್ಮ್ಯಾಟ್ ಮಾಡಿದರೆ ಕಾರ್ಡಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಅಷ್ಟು ದೊಡ್ಡ ಕಾರ್ಡು ಬೇಕೇ ಎಂಬುದನ್ನೂ ಲೆಕ್ಕ ಹಾಕಿ ನೋಡಿ. 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂಬ ದರ) ಎಂಪಿ3ಗೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ ಸಾಕು, 192ಕ್ಕೆ ಸುಮಾರು 1.4 ಎಂಬಿ, 320ಕ್ಕೆ 2.4 ಎಂಬಿ. 192ರಲ್ಲಿಯೇ ಇಟ್ಟುಕೊಂಡರೂ 32 ಜಿಬಿಯಲ್ಲಿ ಮುನ್ನೂರ ಐವತ್ತು ಗಂಟೆಗೂ ಮೀರಿದ ಸಂಗೀತ ಹಿಡಿಸುತ್ತದೆ. 1998ರಲ್ಲಿ ಬಂದ ಮೊದಮೊದಲ ಪ್ಲೇಯರ್‌ಗಳಾದ ಎಂಪಿಮ್ಯಾನ್ ಎಫ್10 ಮತ್ತು ಡೈಮಂಡ್ ರಿಯೋ ಪಿಎಂಪಿ300ಗಳಲ್ಲಿ ಇದ್ದದ್ದು 32 ಎಂಬಿ. ಅದಕ್ಕೆ 128ರ ದರದಲ್ಲಿ ಅರ್ಧ ಗಂಟೆಯ ಹಾಡು ತುಂಬಿದರೆ ಮುಗಿಯಿತು. ಚಿಕ್ಕ ಪರದೆಯಲ್ಲಿ ಗುಂಡಿ ಒತ್ತುತ್ತಾ ಸಾವಿರಾರು ಹಾಡುಗಳ ಪಟ್ಟಿಯನ್ನು ಇಳಿಯುವುದು ಶಿಕ್ಷೆ ಎಂಬುದು ನನ್ನ ಅಭಿಪ್ರಾಯ. ಕೇಳುವಷ್ಟನ್ನೇ ಹಾಕಿಕೊಂಡು ಆಗಾಗ ಬದಲಿಸುವುದು ಮೇಲು.

ಕಾರ್ಡು ತೀರಾ ಅಗ್ಗಕ್ಕೆ ಸಿಕ್ಕಿದ್ದರೆ ಮೊದಲು ಪರೀಕ್ಷಿಸಿ. ಮೇಲೆ 64 ಎಂದು ಅಚ್ಚಾಗಿದ್ದು ಒಳಗೆ 8 ಮಾತ್ರ ಇರುವ ಕಾರ್ಡುಗಳಿವೆ. ಅವು ಕಂಪ್ಯೂಟರಿಗೂ 64 ಎಂದೇ ಸುಳ್ಳು ಹೇಳುತ್ತವೆ, ನಕಲು ಮಾಡುವಾಗ ಯಾವ ದೋಷವನ್ನೂ ತೋರಿಸುವುದಿಲ್ಲ. ನುಡಿಸುವಾಗ ಮಾತ್ರ ಅರ್ಧ ಹಾಡಿಗೆ ನಿಂತುಬಿಡುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿ ನೋಡಿ ನಿಜವನ್ನು ಹೇಳುತ್ತವೆ.

ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ನೀವು ನೋಡಬೇಕಾದ ದೋಷಗಳು ಬೇರೆಯೇ. ಇಯರ್‌ಫೋನ್ ಪಿನ್ನನ್ನು ಮೆಲ್ಲಗೆ ತಿರುಗಿಸಿದಾಗ ಒಂದು ಕಿವಿಯ ಧ್ವನಿ ಕಡಿದು ಕಡಿದು ಬಂದರೆ ಜ್ಯಾಕ್ ಸಡಿಲವಿದೆ ಎಂದರ್ಥ, ಅದು ದಿನ ಕಳೆದಂತೆ ಕೆಡುತ್ತದೆಯೇ ಹೊರತು ಸರಿಹೋಗುವುದಿಲ್ಲ. ಹಾಡು ನಿಲ್ಲಿಸಿದ ಮೇಲೂ ಗುಯ್‌ಗುಡುವ ಸದ್ದು ಎದ್ದು ಕೇಳುತ್ತಿದ್ದರೆ ಬೇರೊಂದು ಇಯರ್‌ಫೋನ್ ಹಾಕಿ ನೋಡಿ, ಏಕೆಂದರೆ ತೀರಾ ಸೂಕ್ಷ್ಮವಾದ ಇಯರ್‌ಫೋನ್‌ಗಳಲ್ಲಿ ಅದು ಹೆಚ್ಚಾಗಿ ಕೇಳುತ್ತದೆ. ಚಾರ್ಜ್ ಮಾಡುವಾಗ ಮೈ ಉಗುರುಬೆಚ್ಚಗಿದ್ದರೆ ಸರಿ, ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಹಿಂಬದಿ ಉಬ್ಬಿದಂತೆ ಕಂಡರೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ ಹಿಂದಿರುಗಿಸಿ.

ಉತ್ತರ: ಮೌನಿ

ಮೇಲಿನ ಇಬ್ಬರೂ ಪ್ಲೇಯರ್‌ನ ಪರವಾಗಿಯೇ ಮಾತನಾಡಿದ್ದಾರೆ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಸಂಗೀತದ ಸಂಗ್ರಹವೆಲ್ಲ ಹಣ ಕಟ್ಟುವ ಆ್ಯಪಿನಲ್ಲಿಯೇ ಇರುವವರಿಗೆ ಈ ಸಾಧನದಿಂದ ಪ್ರಯೋಜನ ಕಡಿಮೆ. ಆಪಲ್ ಸಂಸ್ಥೆಯೇ 2022ರ ಮೇ ತಿಂಗಳಲ್ಲಿ ಐಪಾಡ್ ಸರಣಿಗೆ ಕೊನೆ ಹಾಡಿತು. ಬಹಳ ಜನರ ಕೇಳುವ ಕ್ರಮ ಬದಲಾಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ನಿಮ್ಮಲ್ಲಿ ಸ್ವಂತ ಫೈಲುಗಳು ಸಾಕಷ್ಟು ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಿಂದಿರುಗಿಸಿ ಫೋನಿನಲ್ಲಿಯೇ ಸೂಚನೆಗಳನ್ನು ಆರಿಸಿಡುವುದು ಜಾಣತನ.

ಇಟ್ಟುಕೊಳ್ಳುವುದಾದರೆ ಎರಡು ಮಾತು. ಮ್ಯಾಕ್‌ನಿಂದ ನಕಲು ಮಾಡುವವರಿಗೆ ಪ್ರತಿ ಹಾಡಿನ ಜೊತೆ ನುಡಿಯದ ಇನ್ನೊಂದು ಹೆಸರು ಕಾಣಬಹುದು; ಅದು ಚುಕ್ಕೆ ಮತ್ತು ಅಡಿಗೆರೆಯಿಂದ ಆರಂಭವಾಗುವ, ಕೆಲವೇ ಕೆಬಿ ತೂಕದ ಮರೆಫೈಲು, ಅಳಿಸಿದರೆ ನಷ್ಟವಿಲ್ಲ. ಇನ್ನೊಂದು ಧ್ವನಿಯ ಏರಿಳಿತದ ವಿಚಾರ. ಹಳೆಯ ಧ್ವನಿಮುದ್ರಣ ಮೆಲ್ಲಗಿದೆಯೆಂದು ಧ್ವನಿ ಏರಿಸಿಟ್ಟಿರುವಾಗ ಮುಂದಿನ ಹೊಸ ಹಾಡು ಕಿವಿಗೆ ಬಡಿಯುತ್ತದೆ. ಎಂಪಿ3ಗೇನ್ ಎಂಬ ತಂತ್ರಾಂಶವು ಹಾಡನ್ನು ಮತ್ತೆ ಸಂಕುಚಿಸದೆಯೇ, 1.5 ಡೆಸಿಬೆಲ್‌ಗಳ ಮೆಟ್ಟಿಲುಗಳಲ್ಲಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಕಡಿಮೆ ಬೆಲೆಯ ಪ್ಲೇಯರ್‌ಗಳಲ್ಲಿ ಫೋನಿನಂತೆ ಎಚ್ಚರಿಕೆ ಕೊಡುವ ವ್ಯವಸ್ಥೆ ಇರುವುದು ಅಪರೂಪವಾದ್ದರಿಂದ ಇದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧವಾಗುತ್ತದೆ.

ಮರುಪ್ರಶ್ನೆ: ಸಂಜೆರಾಗ

ಮೂವರಿಗೂ ಧನ್ಯವಾದ. ಹೊಸ ಫೋಲ್ಡರ್ ಮಾಡಿ ಮೊದಲ ಹಾಡಿನಿಂದ ಎಳೆದು ಹಾಕಿದ ಮೇಲೆ ಕಛೇರಿ ವರ್ಣದಿಂದ ಮಂಗಳದವರೆಗೆ ಸರಿಯಾಗಿ ನಡೆಯುತ್ತಿದೆ, ಕಾರ್ಡೂ ಫ್ಯಾಟ್32 ಆದ ಮೇಲೆ ಕಾಣಿಸುತ್ತಿದೆ. ಜ್ಯಾಕ್ ಗಟ್ಟಿಯಾಗಿದೆ, ಸ್ವಂತ ಫೈಲುಗಳೂ ಇವೆ. ಆದ್ದರಿಂದ ಇಟ್ಟುಕೊಳ್ಳಲು ನಿರ್ಧರಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಎರಡು ಗಂಟೆಯ ಉಪನ್ಯಾಸವೊಂದನ್ನು ಕೇಳುತ್ತಾ ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮುಂದಕ್ಕೆ ಓಡಿಸಿದರೆ ಎಲ್ಲೆಲ್ಲಿಗೋ ಹೋಗುತ್ತದೆ. ಬ್ಯಾಟರಿ ಬಹುಕಾಲ ಬಾಳಿಕೆ ಬರಲು ಏನು ಮಾಡಬೇಕು?

ಉತ್ತರ: ಕಿವಿಮಾತು

ಮುಂದಕ್ಕೆ ಓಡಿಸಿದಾಗ ದಿಕ್ಕು ತಪ್ಪುವುದು ಬಹುಮಟ್ಟಿಗೆ ವಿಬಿಆರ್ ಫೈಲುಗಳ ಲಕ್ಷಣ. ಅವುಗಳಲ್ಲಿ ಕ್ಷಣಕ್ಷಣಕ್ಕೂ ದರ ಬದಲಾಗುತ್ತಿರುವುದರಿಂದ, ಫೈಲಿನ ತಲೆಯಲ್ಲಿರುವ ಸೂಚಿಯನ್ನು ಓದದ ಪ್ಲೇಯರ್ ಒಟ್ಟು ಅವಧಿಯನ್ನೇ ತಪ್ಪಾಗಿ ಅಂದಾಜು ಮಾಡುತ್ತದೆ. ಉಪನ್ಯಾಸಗಳನ್ನು ಒಂದೇ ದರದ, ಅಂದರೆ ಸಿಬಿಆರ್ 64 ಕೆಬಿಪಿಎಸ್ ಮೊನೊಗೆ ಬದಲಿಸಿಕೊಳ್ಳಿ. ಮಾತಿಗೆ ಅಷ್ಟು ಧಾರಾಳವಾಗಿ ಸಾಕು, ಎರಡು ಗಂಟೆಯದು 60 ಎಂಬಿಯೊಳಗೆ ಮುಗಿಯುತ್ತದೆ. ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯ ಸೆಟ್ಟಿಂಗ್‌ನಲ್ಲಿ ಇದೆಯೇ ನೋಡಿ, ಕೆಲವು ಪ್ಲೇಯರ್‌ಗಳಲ್ಲಿ ಅದು ಇರುತ್ತದೆ, ಆದರೆ ಆಫ್ ಆಗಿಯೇ ಬಂದಿರುತ್ತದೆ. ಇಲ್ಲವಾದರೆ ಆಡಾಸಿಟಿಯಂಥ ತಂತ್ರಾಂಶದಲ್ಲಿ ಉಪನ್ಯಾಸವನ್ನು ಹದಿನೈದು ಇಪ್ಪತ್ತು ನಿಮಿಷಗಳ ತುಂಡುಗಳಾಗಿ ಮಾಡಿ, 01, 02 ಎಂದು ಹೆಸರಿಡಿ. ಎಲ್ಲಿ ಬಿಟ್ಟಿರೆಂದು ಹುಡುಕುವುದು ಆಗ ಸುಲಭ.

ಉತ್ತರ: ಬೆಸುಗೆಕಡ್ಡಿ

ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಬಳಸಿ ಆಮೇಲೆ ಚಾರ್ಜ್ ಮಾಡಬೇಕೆಂಬುದು ಹಳೆಯ ನಿಕಲ್ ಬ್ಯಾಟರಿಗಳ ಕಾಲದ ಮಾತು, ಲಿಥಿಯಂಗೆ ಅದು ಹಾನಿಯೇ. ಇಂಥ ಸಾಧನಗಳಲ್ಲಿ ಬ್ಯಾಟರಿ ಚಿಕ್ಕದು, ಬದಲಿ ಸಿಗುವುದೂ ಕಷ್ಟ. ಹಾಗಾಗಿ ಒಂದೆರಡು ಗೆರೆ ಉಳಿದಿರುವಾಗಲೇ ಚಾರ್ಜಿಗೆ ಹಾಕಿ. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯೇ ಸಾಕು. ಬ್ಲೂಟೂತ್ ಇದ್ದರೆ ಬೇಡದಾಗ ಆರಿಸಿಡಿ, ಪರದೆ ಬೆಳಗುವ ಅವಧಿಯನ್ನು ಅತಿ ಕಡಿಮೆಗೆ ಇಳಿಸಿ, ಜೇಬಿಗೆ ಹಾಕುವಾಗ ಗುಂಡಿಗಳಿಗೆ ಹೋಲ್ಡ್ ಹಾಕಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಉಳಿಸಿ, ಬಿಸಿಲು ತಾಕದ ಕಡೆ ಇಡಿ. ಮುಚ್ಚಿದ ವಾಹನದೊಳಗೆ ಬಿಸಿಲಿನಲ್ಲಿ ಬಿಟ್ಟುಬರಬೇಡಿ.

ಇನ್ನೊಂದು ಮಾತು: ಕಂಪ್ಯೂಟರಿನಿಂದ ತೆಗೆಯುವಾಗ ಎಜೆಕ್ಟ್ ಕೊಡದೆ ತಂತಿ ಕಿತ್ತರೆ ಮೇಲೆ ಹೇಳಿದ ಆ ಒಳಪಟ್ಟಿಯೇ ಕೆಡಬಹುದು. ಹಾಗಾಗಿ ಪ್ಲೇಯರ್ ಆನ್ ಆಗದೆ ಮರಗಟ್ಟಿದಂತೆ ನಿಂತರೆ ಪವರ್ ಗುಂಡಿಯನ್ನು ಹದಿನೈದು ಇಪ್ಪತ್ತು ಸೆಕೆಂಡು ಒತ್ತಿ ಹಿಡಿಯಿರಿ, ಅಥವಾ ಹಿಂಬದಿಯಲ್ಲಿ ಸೂಜಿ ಹೋಗುವಷ್ಟು ರೀಸೆಟ್ ತೂತು ಇದೆಯೇ ನೋಡಿ. ಆಮೇಲೂ ಹಾಡುಗಳು ಕಾಣದಿದ್ದರೆ ಕಂಪ್ಯೂಟರಿಗೆ ಜೋಡಿಸಿ ಡಿಸ್ಕ್ ದೋಷ ಪರೀಕ್ಷೆ ಮಾಡಿಸಿ. ಫಾರ್ಮ್ಯಾಟ್ ಮಾಡುವುದು ಅದೂ ಫಲಿಸದಿದ್ದಾಗ ಮಾತ್ರ.