ಹಳೆಯ ರಿಕ್ವೈರ್ ಸಾಲುಗಳನ್ನು ಲಿಂಟ್ ನಿಯಮದಿಂದ ಹಿಡಿಯುವುದು: ನಿಮ್ಮ ಅನುಭವವೇನು?

ಪ್ರಶ್ನೆ: ನಮ್ಮ ನೋಡ್ (ಜಾವಾಸ್ಕ್ರಿಪ್ಟ್ ಅನ್ನು ಸರ್ವರ್‌ನಲ್ಲಿ ನಡೆಸುವ ವ್ಯವಸ್ಥೆ) ಯೋಜನೆಯ ಸುಮಾರು 400 ಕಡತಗಳಲ್ಲಿ ಅರ್ಧದಷ್ಟು ಇನ್ನೂ ಕಾಮನ್‌ಜೆಎಸ್‌ನ ರಿಕ್ವೈರ್ (ಒಂದು ಕಡತದ ಕೋಡನ್ನು ಇನ್ನೊಂದಕ್ಕೆ ತರುವ ಹಳೆಯ ವಿಧಾನ) ಬಳಸುತ್ತಿವೆ. ಅದನ್ನು ಬಿಟ್ಟು ಅದೇ ಕೆಲಸದ ಹೊಸ ವಿಧಾನವಾದ ಇಂಪೋರ್ಟ್‌ಗೆ ಬರಬೇಕೆಂದು, ಕೋಡಿನ ತಪ್ಪು ಹಿಡಿಯುವ ಸಾಧನವಾದ ಇಎಸ್‌ಲಿಂಟ್‌ನಲ್ಲಿ ನಿಯಮ ಹಾಕಿದ ದಿನವೇ ನೂರಾರು ದೋಷಗಳು ಕಾಣಿಸಿಕೊಂಡು ಸಿಐ (ಪ್ರತಿ ಬದಲಾವಣೆಯನ್ನೂ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ನಿಂತುಹೋಯಿತು. ಈ ಕೆಲಸ ಮಾಡಿ ಮುಗಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿಯಮವನ್ನು ತೆಗೆದುಹಾಕಬೇಡಿ. ಹಳೆಯವು ಸದ್ಯಕ್ಕೆ ಇರಲಿ, ಹೊಸದು ಸೇರದಿದ್ದರೆ ಸಾಕು. 2025ರ ಏಪ್ರಿಲ್‌ನಲ್ಲಿ ಬಂದ ಇಎಸ್‌ಲಿಂಟ್ 9.24ರಲ್ಲಿ, ಈಗಿರುವ ದೋಷಗಳ ಎಣಿಕೆಯನ್ನು ಕಡತವಾರು ಬರೆದಿಟ್ಟುಕೊಂಡು, ಆ ಎಣಿಕೆ ಮೀರಿದಾಗ ಮಾತ್ರ ತಡೆಯುವ ಸೌಲಭ್ಯವಿದೆ. ಹಳೆಯ ಆವೃತ್ತಿಯಲ್ಲಿರುವವರು ನಿಯಮವನ್ನು ಎಚ್ಚರಿಕೆಯ ಮಟ್ಟಕ್ಕಿಳಿಸಿ, ಮ್ಯಾಕ್ಸ್-ವಾರ್ನಿಂಗ್ಸ್ (ಎಷ್ಟು ಎಚ್ಚರಿಕೆಗಳವರೆಗೆ ಬಿಡಬಹುದು ಎಂಬ) ಮಿತಿಯನ್ನು ವಾರವಾರವೂ ತಗ್ಗಿಸುತ್ತಾ ಬರಬಹುದು. ನಾವು ಮಾಡಿದ್ದು ಹೀಗೆಯೇ.

ಉತ್ತರ 2: ಇಎಸ್‌ಲಿಂಟ್‌ಗೆ ಸೇರಿಸಿಕೊಳ್ಳುವ ಇಂಪೋರ್ಟ್ ಪ್ಲಗಿನ್‌ನ ನೋ-ಕಾಮನ್‌ಜೆಎಸ್ ನಿಯಮ ಬಳಸುವುದಾದರೆ ಎರಡು ವಿಷಯ ಗಮನದಲ್ಲಿರಲಿ. ಇಫ್ ಷರತ್ತಿನ ಒಳಗಿನ ರಿಕ್ವೈರ್ ಅನ್ನು ಅದು ತಾನಾಗಿ ಹಿಡಿಯುವುದಿಲ್ಲ. ಅದಕ್ಕೆ ಅಲೌ-ಕಂಡೀಷನಲ್-ರಿಕ್ವೈರ್ ಆಯ್ಕೆಯನ್ನು ಫಾಲ್ಸ್ ಮಾಡಬೇಕು. ಎರಡನೆಯದಾಗಿ, ಆ ನಿಯಮ ತಪ್ಪನ್ನು ತೋರಿಸುತ್ತದೆಯೇ ಹೊರತು ತಿದ್ದಿಕೊಡುವುದಿಲ್ಲ. ತಿದ್ದುವಾಗ ನಮಗೆ ಬಿದ್ದ ಪೆಟ್ಟನ್ನು ಹೇಳಲೇಬೇಕು. ನಮ್ಮ ಮುಖ್ಯ ಕಡತದ ಮೊದಲ ಸಾಲು ಡಾಟ್‌ಎನ್ವ್ ಎಂಬ ಲೈಬ್ರರಿಯ ಕಾನ್ಫಿಗ್ ಕರೆದು ಪರಿಸರ ಚರಗಳನ್ನು (ಪಾಸ್‌ವರ್ಡ್‌ನಂಥ, ಕೋಡಿನ ಹೊರಗಿಡುವ ಮೌಲ್ಯಗಳನ್ನು) ಓದಿಸುತ್ತಿತ್ತು. ಎರಡನೆಯ ಸಾಲು ಡೇಟಾಬೇಸ್ ಕಡತವನ್ನು ರಿಕ್ವೈರ್ ಮಾಡುತ್ತಿತ್ತು. ಎರಡನ್ನೂ ಇಂಪೋರ್ಟ್ ಆಗಿ ಬದಲಿಸಿ, ಕಾನ್ಫಿಗ್ ಕರೆಯನ್ನು ಅವುಗಳ ಕೆಳಗಿಟ್ಟೆವು. ಲಿಂಟ್ ಯಾವ ದೋಷವನ್ನೂ ತೋರಿಸಲಿಲ್ಲ, ಆದರೆ ಸರ್ವರ್ ಏಳಲಿಲ್ಲ: ಇಂಪೋರ್ಟ್ ಸಾಲನ್ನು ಎಲ್ಲೇ ಬರೆದರೂ ಆ ಕಡತಗಳು ಮೊದಲು ನಡೆದು, ನಮ್ಮ ಕಡತದ ಉಳಿದ ಕೋಡ್ ಆಮೇಲೆ ನಡೆಯುವುದರಿಂದ, ಡೇಟಾಬೇಸ್ ಕಡತಕ್ಕೆ ಪಾಸ್‌ವರ್ಡ್ ಅನ್‌ಡಿಫೈನ್ಡ್ (ಮೌಲ್ಯವೇ ಇಲ್ಲದ್ದು) ಆಗಿಯೇ ಸಿಕ್ಕಿತ್ತು. 'ಡಾಟ್‌ಎನ್ವ್/ಕಾನ್ಫಿಗ್' ಎಂಬುದನ್ನೇ ಮೊದಲ ಇಂಪೋರ್ಟ್ ಆಗಿಸಿದ ಮೇಲೆ ಸರಿಹೋಯಿತು. ಹೀಗೆ ಸಾಲುಗಳ ಕ್ರಮವನ್ನೇ ನಂಬಿಕೊಂಡ ಕಡತಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ.

ಉತ್ತರ 3: ನೋಡ್ 22.12ಕ್ಕಿಂತ ಹಿಂದಿನ 22ರ ಆವೃತ್ತಿಗಳಲ್ಲಿ ಇಎಸ್ ಮಾಡ್ಯೂಲನ್ನು (ಇಂಪೋರ್ಟ್‌ಗೆ ಬದಲಿಸಿದ ಕಡತವನ್ನು) ರಿಕ್ವೈರ್ ಮಾಡಲು ಪ್ರತ್ಯೇಕ ಫ್ಲ್ಯಾಗ್ (ನೋಡ್ ಆರಂಭಿಸುವಾಗ ಕೊಡುವ ಆಯ್ಕೆ) ಬೇಕಿತ್ತು; ಕಾಮನ್‌ಜೆಎಸ್ ಕಡತವನ್ನು ಇಂಪೋರ್ಟ್ ಮಾಡಲು ಮಾತ್ರ ಅಡ್ಡಿಯಿರಲಿಲ್ಲ. ಆದ್ದರಿಂದ ಹಳೆಯ ನೋಡ್ ಇದ್ದರೆ ಮುಖ್ಯ ಕಡತದಿಂದ ಆರಂಭಿಸಿ ಕೆಳಗಿನವುಗಳತ್ತ ಇಳಿಯಿರಿ. ಎಲ್ಲರೂ ಬಳಸುವ ಯುಟಿಲಿಟಿ ಕಡತಗಳು ಕೊನೆಗಿರಲಿ.