ಬೆಟಗೇರಿ ಮನೆ ಗುಂಪು: ಅತ್ತೆ ಕಳಿಸಿದ ಆಡಿಯೊ

ಇದು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾನುವಾರ ನಡೆದ ಮಾತು. ಅತ್ತೆಯನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು, ನಾನು ಯಾರನ್ನು ಏನಂತ ಕರೆಯುತ್ತೇನೋ ಹಾಗೆ ಬರೆದಿದ್ದೇನೆ. ನಡುವಿನ ಸಲಾಂಗಳು, ಊಟದ ಫೋಟೊಗಳನ್ನು ಬಿಟ್ಟಿದ್ದೇನೆ.

ಹುಬ್ಬಳ್ಳಿ ಅತ್ತೆ, ಬೆಳಿಗ್ಗೆ 6:10
(ಹಲವು ಬಾರಿ ಫಾರ್ವರ್ಡ್ ಆದ ಆಡಿಯೊ, ಅದರ ಕೆಳಗೆ ಈ ಬರಹ)
"ಖಿನ್ನತೆ ಕಾಯಿಲೆ ಅಲ್ಲ, ಅಂಧಕಾರದ ಆತ್ಮ. ಅದು ಮಾತ್ರೆಗೆ ಹೆದರುವುದಿಲ್ಲ, ಯೇಸುವಿನ ನಾಮಕ್ಕೆ ಮಾತ್ರ ಹೆದರುತ್ತದೆ. ಮಾತ್ರೆ ನುಂಗುವವನ ನಂಬಿಕೆ ಸತ್ತಿದೆ. ಸೈತಾನನನ್ನು ಎದುರಿಸಿರಿ, ಅವನು ಓಡಿಹೋಗುವನು. 21 ದಿನ ಗದರಿಸಿರಿ. 12 ಮಂದಿ ಪ್ರಿಯರಿಗೆ ಕಳಿಸಿರಿ."

ಹುಬ್ಬಳ್ಳಿ ಅತ್ತೆ: ಎಲ್ಲರೂ ಪೂರ್ತಿ ಕೇಳಿ. ಮಕ್ಕಳಿಗೂ ಕೇಳಿಸಿ. ದೇವರಿಗೆ ಸ್ತೋತ್ರ.

ಗದಗ ಕಾಕು: ಆಮೆನ್.

ತಮ್ಮ: ಅತ್ತೆ, ಇದು ಯಾರ ಧ್ವನಿ?

ಹುಬ್ಬಳ್ಳಿ ಅತ್ತೆ: ಧ್ವನಿ ಯಾರದ್ದಾದರೇನು, ವಾಕ್ಯ ಯಾರದ್ದು ನೋಡು.

ತಮ್ಮ: ಮಾತ್ರೆ ಬಿಡಿ ಅಂತ ಹೇಳೋದು ಅಪಾಯ. ದಯವಿಟ್ಟು ತೆಗೆದುಬಿಡಿ. ದೆವ್ವ, ಅಂಧಕಾರದ ಆತ್ಮ, ಇವೆಲ್ಲ ಹಳೇ ಕಾಲದ ಮಾತು.

ಹುಬ್ಬಳ್ಳಿ ಅತ್ತೆ: ಹಳೇ ಕಾಲದ್ದು ಅನ್ನಬೇಡಪ್ಪ. ನಿಮ್ಮ ಮಾಮಾ 14 ವರ್ಷ ಕುಡಿದರು. ನೀನಾಗ ಚಿಕ್ಕವನು. ಸಂಬಳದ ದಿನ ನಾನು ಗೇಟಿನ ಹತ್ತಿರ ನಿಂತು ಕಾಯುತ್ತಿದ್ದೆ. ಯಾರು ಏನು ಹೇಳಿದರೂ ಕೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ನೆಲದ ಮೇಲೆ ಮೊಣಕಾಲೂರಿ ಅಳುತ್ತಿದ್ದೆ. ನನ್ನ ಗಂಡನ ಜೊತೆಗಲ್ಲ ನನ್ನ ಜಗಳ, ಅವರನ್ನು ಹಿಡಿದಿರುವವನ ಜೊತೆ ಅಂತ ಗೊತ್ತಾದ ದಿನ ನನಗೆ ಬಲ ಬಂತು. ಅವರು ಬಿಟ್ಟು ಈಗ 19 ವರ್ಷ. ಇದು ನನ್ನ ಸಾಕ್ಷಿ. ಇದನ್ನು ಸುಳ್ಳು ಅನ್ನಲು ನಿನಗೆ ಹಕ್ಕಿಲ್ಲ.

ತಮ್ಮ: ಸುಳ್ಳು ಅನ್ನಲಿಲ್ಲ ಅತ್ತೆ. ಕ್ಷಮಿಸಿ.

ಗದಗ ಕಾಕು: ಚರ್ಚಿಗೆ ಹೊತ್ತಾಯಿತು. ಆಮೇಲೆ ಮಾತಾಡೋಣ.

ಮಧ್ಯಾಹ್ನದವರೆಗೆ ಗುಂಪು ಸುಮ್ಮನಿತ್ತು. ಆರಾಧನೆಯಲ್ಲಿ ಕೂತಿದ್ದರೂ ನನ್ನ ಮನಸ್ಸು ಫೋನಿನಲ್ಲೇ ಇತ್ತು. ಮನೆಗೆ ಬಂದು ಬರೆದೆ.

ನಾನು: ಅತ್ತೆ, ಮೊದಲು ಒಂದು ಮಾತು. ಸೈತಾನ ಇದ್ದಾನೆ ಅಂತ ನಾನೂ ನಂಬುತ್ತೇನೆ. ಮಾಮಾನ ವಿಷಯದಲ್ಲಿ ನೀವು ಹೇಳಿದ್ದನ್ನೂ ಪೂರ್ತಿ ನಂಬುತ್ತೇನೆ. ಅದಕ್ಕೇ ಇದನ್ನು ನಿಮಗೇ ಹೇಳಬೇಕು. ಆ ಆಡಿಯೊ ಯಾರ ಬಗ್ಗೆ ಮಾತಾಡುತ್ತಿದೆಯೋ ಅವಳು ಈ ಗುಂಪಿನಲ್ಲೇ ಇದ್ದಾಳೆ. ಅವಳು ನಾನೇ. ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಮ್ಮನಿಗೆ ಮಾತ್ರ ಗೊತ್ತಿತ್ತು.

ನಾನು: ಹೋದ ವರ್ಷ ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ನನ್ನ ತಲೆ ಮೇಲೆ ಕೈಯಿಟ್ಟು ಇದೇ ಮಾತು ಹೇಳಿದರು. ಮಾತ್ರೆ ಎಸೆ, ಅದೇ ನಿನ್ನ ನಂಬಿಕೆಯ ಪರೀಕ್ಷೆ ಅಂದರು. ನಾನು ಎಸೆದೆ. ಮೂರನೇ ದಿನಕ್ಕೆ ತಲೆಸುತ್ತು, ನಿದ್ದೆ ಇಲ್ಲ. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಕೆಲವು ವಾರಕ್ಕೆ ಹಳೆಯ ಕತ್ತಲೆ ತಿರುಗಿ ಬಂತು. ಅವರಿಗೆ ಫೋನ್ ಮಾಡಿದರೆ, ನಿನ್ನಲ್ಲಿ ಇನ್ನೂ ಏನೋ ಮುಚ್ಚಿಟ್ಟ ಪಾಪ ಇದೆ, ಅದಕ್ಕೇ ಅದು ಬಿಡುತ್ತಿಲ್ಲ ಅಂದರು. ಆ ರಾತ್ರಿ ನನಗೆ ಬದುಕು ಬೇಡ ಅನ್ನಿಸಿತು. ಅಮ್ಮ ಎದ್ದು ಬಂದಳು. ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಅಮ್ಮ: ಅವಳು ಹೇಳಿದ್ದೆಲ್ಲ ನಿಜ.

ಗದಗ ಕಾಕು: ಅಯ್ಯೋ ನನ್ನವ್ವಾ. ಒಂದು ಮಾತು ಹೇಳಬಾರದಿತ್ತಾ?

ನಾನು: ಹೇಗೆ ಹೇಳಲಿ ಕಾಕು? ಬೆಳಿಗ್ಗೆ ನೀವು ಆಮೆನ್ ಅಂದಿರಿ ಅಲ್ವಾ.

ಗದಗ ಕಾಕು: ಆಡಿಯೊ ಕೇಳದೇ ಅಂದೆ. ತಪ್ಪಾಯಿತು ಮಗಳೇ.

ಹುಬ್ಬಳ್ಳಿ ಅತ್ತೆ: ಮಗಳೇ, ನನಗೆ ಗೊತ್ತಿದ್ದರೆ ಖಂಡಿತ ಕಳಿಸುತ್ತಿರಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ವಾಕ್ಯ ಬಿಡೋಕಾಗುತ್ತಾ? ಲೂಕ 13 ತೆಗೆದು ನೋಡು. 18 ವರ್ಷ ಬಗ್ಗಿದ್ದ ಹೆಂಗಸು. ಅವಳನ್ನು ಸೈತಾನ ಕಟ್ಟಿಹಾಕಿದ್ದ ಅಂತ ಕರ್ತ ಯೇಸುವೇ ಹೇಳಿದ. ಮಾರ್ಕ 9ರಲ್ಲಿ ಬೆಂಕಿಗೂ ನೀರಿಗೂ ಬೀಳುತ್ತಿದ್ದ ಹುಡುಗ. ಡಾಕ್ಟರಾದರೆ ಮೂರ್ಛೆರೋಗ ಅಂತ ಬರೆದುಕೊಡುತ್ತಿದ್ದರು. ಕರ್ತ ಏನು ಮಾಡಿದ? ಆ ಆತ್ಮವನ್ನು ಗದರಿಸಿದ. ಹಾಗಾದರೆ ಕಾಯಿಲೆ ಹಿಂದೆ ಸೈತಾನನ ಕೈ ಇಲ್ಲ ಅಂತ ಹೇಗೆ ಹೇಳ್ತೀಯ?

ಈ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಅತ್ತೆ ದಿನಾ ಬೈಬಲ್ ಓದುವವರು. ಉತ್ತರ ಬರೆಯಲು ನನಗೆ ಹೊತ್ತು ಹಿಡಿಯಿತು.

ನಾನು: ಇಲ್ಲ ಅಂತ ಹೇಳುತ್ತಿಲ್ಲ ಅತ್ತೆ. ಆದರೆ ಆ ಎರಡು ಕಥೆಯಲ್ಲೂ ಕರ್ತ ಕಾಯಿಲೆಯವರನ್ನು ಒಂದು ಮಾತೂ ಬೈಯಲಿಲ್ಲ. ಆ ಹೆಂಗಸಿಗೆ ನಿನ್ನ ನಂಬಿಕೆ ಸತ್ತಿದೆ ಅನ್ನಲಿಲ್ಲ. ಅಬ್ರಹಾಮನ ಮಗಳು ಅಂದ. ಬೈದಿದ್ದು ಸಭಾಮಂದಿರದ ಅಧಿಕಾರಿಗೆ. ಆ ಹುಡುಗನ ಅಪ್ಪ, ನಂಬುತ್ತೇನೆ, ನನಗೆ ನಂಬಿಕೆ ಕಡಿಮೆ ಇದ್ದರೂ ಸಹಾಯಮಾಡು ಅಂತ ಕೂಗಿದ. ಆ ಅರೆಬರೆ ನಂಬಿಕೆಗೇ ಕರ್ತ ಮಗನನ್ನು ವಾಸಿ ಮಾಡಿಕೊಟ್ಟ. ಮತ್ತಾಯ 4:24 ನೋಡಿ. ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯು ರೋಗಿಗಳು ಅಂತ ಬೇರೆ ಬೇರೆಯಾಗಿ ಹೇಳಿದೆ. ಎಲ್ಲಾ ಕಾಯಿಲೆಯೂ ದೆವ್ವವೇ ಆಗಿದ್ದರೆ ಹಾಗೆ ಬಿಡಿಸಿ ಯಾಕೆ ಬರೀಬೇಕಿತ್ತು?

ನಾನು: ಇನ್ನೊಂದು. ಆ ಆಡಿಯೊದವರು ಯಾಕೋಬ 4:7ರ ಅರ್ಧ ಮಾತ್ರ ಓದಿದರು. ಆ ವಚನ ಶುರುವಾಗುವುದು ದೇವರಿಗೆ ಒಳಗಾಗಿರಿ ಅಂತ. ಎದುರಿಸಿರಿ ಅನ್ನೋದು ಆಮೇಲೆ. 1 ಪೇತ್ರ 5ರಲ್ಲೂ ಹಾಗೇ. ಗರ್ಜಿಸುವ ಸಿಂಹದ ಮಾತು ಎಂಟನೇ ವಚನ. ಅದಕ್ಕೆ ಮೊದಲು ಏಳನೇದು, ನಿಮ್ಮ ಚಿಂತೆಯೆಲ್ಲಾ ಆತನ ಮೇಲೆ ಹಾಕಿರಿ, ಆತ ನಿಮಗೋಸ್ಕರ ಚಿಂತಿಸುತ್ತಾನೆ. ಒಂಬತ್ತನೇದರಲ್ಲಿ, ಲೋಕದಲ್ಲಿರುವ ನಿಮ್ಮ ಸಹೋದರರೂ ಇಂಥದ್ದೇ ಬಾಧೆ ಪಡುತ್ತಿದ್ದಾರೆ. ಅಂದರೆ ಬಾಧೆ ಬಂತು ಅಂದರೆ ನಂಬಿಕೆ ಸತ್ತಿದೆ ಅಂತ ಅಲ್ಲ. ನಂಬಿದವರಿಗೇ ಬರುತ್ತಿತ್ತು.

ಹುಬ್ಬಳ್ಳಿ ಅತ್ತೆ: ಅದು ಸರಿ.

ನಾನು: ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಮತ್ತಾಯ 4. ಅಲ್ಲಿ ಸೈತಾನನೂ ವಾಕ್ಯವನ್ನೇ ಹೇಳುತ್ತಾನೆ. 91ನೇ ಕೀರ್ತನೆ. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತಾನೆ. ಕರ್ತ ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದ. ಮಾತ್ರೆ ಎಸೆ, ದೇವರು ಹಿಡಿಯುತ್ತಾನೆ ಅಂತ ನನಗೆ ಹೇಳಿದರಲ್ಲ ಅತ್ತೆ, ಆ ಮಾತು ಶಿಖರದ ಮೇಲಿನ ಮಾತು. ನಾನು ಧುಮುಕಿದೆ.

ಇದಾದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನರ್ಸ್ ಆಗಿರುವ ಅಕ್ಕ ಬಂದಳು. ಅಲ್ಲಿ ಆಗ ಇನ್ನೂ ಬೆಳಿಗ್ಗೆ, ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದಳಂತೆ.

ಸ್ಟುಟ್‌ಗಾರ್ಟ್ ಅಕ್ಕ: ಎಲ್ಲ ಓದಿದೆ. ಮೊದಲು ನೀನು ಹೇಗಿದ್ದೀಯ ಹೇಳು.

ನಾನು: ಈಗ ಪರವಾಗಿಲ್ಲ ಅಕ್ಕ.

ಸ್ಟುಟ್‌ಗಾರ್ಟ್ ಅಕ್ಕ: ಸರಿ. ಅತ್ತೆ, ಇಲ್ಲಿ ನಡೆದದ್ದು ಒಂದು ಹೇಳ್ತೀನಿ. ಬವೇರಿಯಾದ ಕ್ಲಿಂಗೆನ್‌ಬೆರ್ಗ್ ಅಂತ ಊರು. ಆನೆಲೀಸೆ ಮಿಶೆಲ್ ಅಂತ ಕಾಲೇಜು ಹುಡುಗಿ. ಅವಳಿಗೆ ಮೂರ್ಛೆರೋಗ ಇದೆ ಅಂತ ಡಾಕ್ಟರರು ಹೇಳಿದ್ದರು. ಭಕ್ತಿಯ ಮನೆ. ದೆವ್ವ ಅಂತ ನಂಬಿದರು. 1975ರ ಸೆಪ್ಟೆಂಬರಿನಿಂದ 67 ಸಲ ದೆವ್ವ ಬಿಡಿಸುವ ಪ್ರಾರ್ಥನೆ ಮಾಡಿದರು. ಕೊನೆ ತಿಂಗಳುಗಳಲ್ಲಿ ಡಾಕ್ಟರನ್ನೂ ಕರೆಯಲಿಲ್ಲ. ಹುಡುಗಿ ಊಟ ಬಿಟ್ಟಳು. 1976ರ ಜುಲೈ 1ಕ್ಕೆ ತೀರಿಕೊಂಡಳು. 23 ವರ್ಷ. ತೂಕ 30 ಕಿಲೋ ಹತ್ತಿರ. 1978ರಲ್ಲಿ ಅಪ್ಪ ಅಮ್ಮ ಮತ್ತು ಇಬ್ಬರು ಪಾದ್ರಿಗಳಿಗೆ ಕೋರ್ಟು ಶಿಕ್ಷೆ ಕೊಟ್ಟಿತು. ಅವರಲ್ಲಿ ಯಾರೂ ಅವಳನ್ನು ದ್ವೇಷಿಸುತ್ತಿರಲಿಲ್ಲ ಅತ್ತೆ. ಅದೇ ನನಗೆ ಭಯ.

ಹುಬ್ಬಳ್ಳಿ ಅತ್ತೆ: ದೇವರೇ.

ಮಂಗಳೂರು ವೈನಿ: ನಮ್ಮ ಕಥೋಲಿಕರಲ್ಲಿ ಅದಕ್ಕೇ ಕಟ್ಟುನಿಟ್ಟು ಇದೆ. ಬಿಷಪರ ಅನುಮತಿ ಇಲ್ಲದೆ ಯಾವ ಪಾದ್ರಿಯೂ ಆ ವಿಧಿ ಮಾಡುವ ಹಾಗಿಲ್ಲ. 1999ರಲ್ಲಿ ಆ ವಿಧಿಯನ್ನು ಹೊಸದಾಗಿ ಹೊರಡಿಸಿದರು. ಕಾಯಿಲೆಯೋ ಅಲ್ಲವೋ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು ಅನ್ನುತ್ತದೆ ಸಭೆಯ ಬೋಧನೆ.

ತಮ್ಮ: ಅಂದರೆ ದೆವ್ವ ಬಿಡಿಸೋದೇ ತಪ್ಪು ಅಂತ ಆಯಿತಲ್ಲ?

ದೊಡ್ಡಪ್ಪ: ಹಾಗಲ್ಲಪ್ಪ. ಸ್ವಲ್ಪ ತಾಳು, ಬರೀತಿದ್ದೀನಿ.

ದೊಡ್ಡಪ್ಪ ನಿವೃತ್ತ ಮಾಸ್ತರರು. ಸ್ವಿಟ್ಜರ್ಲೆಂಡಿನಿಂದ ಮಿಷನರಿಗಳನ್ನು ಕಳಿಸುತ್ತಿದ್ದ ಬಾಸೆಲ್ ಮಿಷನ್ ಇತಿಹಾಸ ಅಂದರೆ ಅವರಿಗೆ ಊಟ ಬೇಡ. ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಾರೆ, ಆದರೆ ಒತ್ತು ತಪ್ಪುವುದಿಲ್ಲ.

ದೊಡ್ಡಪ್ಪ: ಯೋಹಾನ್ ಕ್ರಿಸ್ಟೋಫ್ ಬ್ಲುಮ್‌ಹಾರ್ಟ್ ಅಂತ ಒಬ್ಬರು ಪಾದ್ರಿ. 1830ರಿಂದ 1837ರವರೆಗೆ ಬಾಸೆಲ್ ಮಿಷನ್ ಶಾಲೆಯಲ್ಲಿ ಕಲಿಸುತ್ತಿದ್ದರು. ನಮ್ಮ ಕಡೆ ಬಂದ ಮಿಷನರಿಗಳು ತಯಾರಾದದ್ದು ಅದೇ ಶಾಲೆಯಲ್ಲಿ. ಆಮೇಲೆ ಜರ್ಮನಿಯ ಮೋಟ್ಲಿಂಗನ್ ಎಂಬ ಹಳ್ಳಿಗೆ ಸಭಾಪಾಲಕರಾಗಿ ಹೋದರು. ಅಲ್ಲಿ ಗಾಟ್ಲೀಬಿನ್ ಡಿಟುಸ್ ಎಂಬ ಬಡ ಹೆಣ್ಣುಮಗಳು ಭಯಂಕರ ಬಾಧೆಯಲ್ಲಿದ್ದಳು. ಬ್ಲುಮ್‌ಹಾರ್ಟ್ ಒಬ್ಬರೇ ಹೋಗಲಿಲ್ಲ, ಊರಿನ ಮುಖ್ಯಸ್ಥರನ್ನು ಜೊತೆಗೆ ಕರೆದುಕೊಂಡು ಹೋದರು. ಡಾಕ್ಟರೂ ನೋಡುತ್ತಿದ್ದರು. ಮಂತ್ರ ಇಲ್ಲ, ತಾಯಿತ ಇಲ್ಲ. ಪ್ರಾರ್ಥನೆ, ಉಪವಾಸ, ವಾಕ್ಯ ಅಷ್ಟೇ. ಸುಮಾರು ಎರಡು ವರ್ಷ ನಡೆಯಿತು. 1843ರ ಡಿಸೆಂಬರ್ 28ರಂದು ಆ ಮನೆಯಲ್ಲಿ ‘ಯೇಸುವೇ ಜಯಶಾಲಿ’ ಎಂಬ ಕೂಗು ಕೇಳಿತು, ಬಾಧೆ ಬಿಟ್ಟಿತು.

ದೊಡ್ಡಪ್ಪ: ಈಗ ಮುಖ್ಯವಾದದ್ದು. ಆಮೇಲೆ ಅವರು ಆ ಹುಡುಗಿಯನ್ನು ಏನು ಮಾಡಿದರು? ತಮ್ಮ ಮನೆಗೇ ಕರೆದುಕೊಂಡರು. ಮನೆಯ ಮಗಳ ಹಾಗೆ ಇಟ್ಟುಕೊಂಡರು. 1852ರಲ್ಲಿ ಬಾದ್ ಬೋಲ್ ಎಂಬ ಊರಿಗೆ ಹೋದಾಗಲೂ ಅವಳು ಜೊತೆಗಿದ್ದಳು. ಆಡಿಯೊ ಕಳಿಸಿ 12 ಮಂದಿಗೆ ಹಂಚು ಅಂದವರು ಯಾರನ್ನಾದರೂ ಮನೆಗೆ ಕರೆದುಕೊಂಡರಾ?

ತಮ್ಮ: ದೊಡ್ಡಪ್ಪ, ನನಗೆ ದೆವ್ವದ ವಿಷಯ ಈಗಲೂ ಒಪ್ಪಿಗೆ ಆಗುವುದಿಲ್ಲ. ಆದರೆ ಮನೆಗೆ ಕರೆದುಕೊಂಡದ್ದು ದೊಡ್ಡದು.

ಸ್ಟುಟ್‌ಗಾರ್ಟ್ ಅಕ್ಕ: ಬಾದ್ ಬೋಲ್ ಇಲ್ಲಿಗೆ ಹತ್ತಿರ. ದೊಡ್ಡಪ್ಪ, ನೀವು ಬಂದರೆ ಕರೆದುಕೊಂಡು ಹೋಗ್ತೀನಿ.

ಹುಬ್ಬಳ್ಳಿ ಅತ್ತೆ: ಎಲ್ಲರೂ ಸೇರಿ ನನ್ನ ಮೇಲೇ ಬಿದ್ದಿರಿ.

ನಾನು: ಇಲ್ಲ ಅತ್ತೆ. ನಿಮ್ಮ ಮೇಲೆ ಅಲ್ಲ. ಬೆಳಿಗ್ಗೆ ನೀವೇ ಹೇಳಿದಿರಿ, ಗಂಡನ ಜೊತೆಗಲ್ಲ ನನ್ನ ಜಗಳ ಅಂತ. ಎಫೆಸ 6ರಲ್ಲಿ ಪೌಲ ಹೇಳುವುದೂ ಅದೇ ಅಲ್ವಾ, ನಮ್ಮ ಹೋರಾಟ ಮನುಷ್ಯರ ಜೊತೆಗಲ್ಲ. ಮಾಮಾ ಕುಡಿದಾಗಲೂ ನೀವು ಅವರನ್ನು ದೂರಲಿಲ್ಲ, ಅವರ ಪಕ್ಕದಲ್ಲಿ ನಿಂತಿರಿ. ಆ ಆಡಿಯೊ ನಿಮ್ಮ ಹಾಗೆ ಮಾತಾಡಲ್ಲ. ಅದು ಕಾಯಿಲೆಯವರನ್ನೇ ದೂರುತ್ತದೆ. ಪ್ರಕಟನೆ 12ರಲ್ಲಿ ಹಗಲು ರಾತ್ರಿ ನಮ್ಮ ಸಹೋದರರ ಮೇಲೆ ದೂರು ಹೇಳುವವನು ಅಂತ ಯಾರಿಗೆ ಹೇಳಿದೆ? ಸೈತಾನನಿಗೇ ಅಲ್ವಾ? ನನ್ನ ತಲೆಯೊಳಗೆ ರಾತ್ರಿ ಎರಡು ಗಂಟೆಗೆ ಕೇಳುತ್ತಿದ್ದದ್ದೂ ಅದೇ ಮಾತು. ನೀನು ಸತ್ತಿದ್ದೀಯ, ದೇವರಿಗೂ ಬೇಡವಾಗಿದ್ದೀಯ. ಈಗ ನಾನು ಎದುರಿಸುತ್ತಿರುವುದು ಆ ಮಾತನ್ನು. ಮಾತ್ರೆ ನನಗೆ ನಿದ್ದೆ ಕೊಡುತ್ತದೆ, ನಿಲ್ಲಲು ಕಾಲು ಕೊಡುತ್ತದೆ. ನಿಂತುಕೊಂಡು ಎದುರಿಸುವವಳು ನಾನು. ಪೌಲನೂ ನಿಲ್ಲಿರಿ, ನಿಲ್ಲಿರಿ ಅಂತಲೇ ಹೇಳುತ್ತಾನೆ.

ಅಮ್ಮ: ಎಲೀಯನ ಕಥೆ ಹೇಳು ಅವರಿಗೆ.

ನಾನು: ನೀನೇ ಹೇಳಮ್ಮ.

ಅಮ್ಮ: ನನಗೆ ಟೈಪ್ ಮಾಡೋಕೆ ಬರಲ್ಲ, ತಪ್ಪಾದರೆ ನಗಬೇಡಿ. ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದವನು. ಮುಂದಿನ ಅಧ್ಯಾಯದಲ್ಲೇ ಅಡವಿಗೆ ಹೋಗಿ ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಅಂದ. ದೇವರು ಬೈಯಲಿಲ್ಲ. ದೂತ ಬಂದು ಮುಟ್ಟಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ಆ ರಾತ್ರಿ ಇವಳು ಹಾಗೆ ಕೂತಿದ್ದಳು. ನಾನೂ ಏನು ಹೇಳಬೇಕು ತಿಳಿಯದೆ ರೊಟ್ಟಿ ಬಿಸಿ ಮಾಡಿ ಕೊಟ್ಟೆ.

ಇದಕ್ಕೆ ಬಹಳ ಹೊತ್ತು ಯಾರೂ ಉತ್ತರ ಬರೆಯಲಿಲ್ಲ.

ಸ್ಟುಟ್‌ಗಾರ್ಟ್ ಅಕ್ಕ: ಗುಂಪಿನಲ್ಲಿ ಬೇರೆ ಯಾರಿಗಾದರೂ ಹೀಗೆ ಇದ್ದರೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಟೆಲಿ ಮಾನಸ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಇರ್ತಾರೆ. ಮಾತ್ರೆ ಕಡಿಮೆ ಮಾಡಬೇಕು ಅನ್ನಿಸಿದರೂ ಡಾಕ್ಟರನ್ನು ಕೇಳಿ ನಿಧಾನಕ್ಕೆ ಮಾಡಬೇಕು. ಒಮ್ಮೆಲೇ ಬಿಡಬೇಡಿ.

ಹುಬ್ಬಳ್ಳಿ ಅತ್ತೆ, ಸಂಜೆ 7:40: ನಾನು ಇದನ್ನು 12 ಅಲ್ಲ, 30 ಮಂದಿಗೆ ಕಳಿಸಿದ್ದೆ. ಈಗ ಒಬ್ಬೊಬ್ಬರಿಗೂ ಬರೀತಾ ಇದ್ದೀನಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ ಅಂತ. ಅರ್ಧ ಆಯಿತು. ನಮ್ಮ ಬೀದಿಯ ಒಬ್ಬಳು ಫೋನ್ ಮಾಡಿ ಅತ್ತಳು. ಅವಳ ಮಗನಿಗೂ ಇದೆಯಂತೆ. ನಾಳೆ ಅವಳ ಮನೆಗೆ ಹೋಗ್ತೀನಿ.

ಹುಬ್ಬಳ್ಳಿ ಅತ್ತೆ: ಆದರೆ ಗದರಿಸೋದು ನಾನು ಬಿಡಲ್ಲ. ಅವನು ಇದ್ದಾನೆ, ನಾನು ಕಂಡಿದ್ದೀನಿ.

ನಾನು: ಬಿಡಬೇಡಿ ಅತ್ತೆ. ನನಗಾಗಿಯೂ ಮಾಡಿ.

ಹುಬ್ಬಳ್ಳಿ ಅತ್ತೆ: ರಾತ್ರಿ ಎಷ್ಟು ಗಂಟೆಗೆ ಮಾತ್ರೆ ತೆಗೆದುಕೊಳ್ತೀಯ?

ನಾನು: ಒಂಬತ್ತೂವರೆಗೆ.

ಹುಬ್ಬಳ್ಳಿ ಅತ್ತೆ: ಒಂಬತ್ತೂಕಾಲಿಗೆ ಫೋನ್ ಮಾಡ್ತೀನಿ. ನಾನು ಪ್ರಾರ್ಥನೆ ಮಾಡ್ತೀನಿ, ಆಮೆನ್ ಅಂದ ಮೇಲೆ ನೀನು ನುಂಗು.